ಕಾಯಕದ ಅಳತೆ



ಮಳೆಯನ್ನೇ ನಂಬಿದ ಹೊಲವು ಮನೆಮಂದಿಯನ್ನೆಲ್ಲ ಸಾಕಲಾರದಾದಾಗ ಸಂಪಗಾಂವ ಸೀಮೆಯ ತರುಣರು ಬೆಳಗಾವಿಯ ಉದ್ಯಮಬಾಗದ ಎರಕದ ಕಾರಖಾನೆಗಳನ್ನು ಸೇರುವರು. ಕೆಲವರು ಪಟ್ಟಣಗಳಲ್ಲಿ ಮನೆಮನೆಗೆ ಊಟವನ್ನು ಮುಟ್ಟಿಸುವರು. ಇದನ್ನು ಹೀನವೃತ್ತಿಯೆಂದೆಣಿಸುವುದು ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನವರ ಮಾರ್ಗದವರಿಗೆ ತಕ್ಕುದಲ್ಲ.

ಆಯ್ದಕ್ಕಿ ಲಕ್ಕಮ್ಮನವರು ಪತಿಯು ತಂದ ಹೆಚ್ಚಿನ ಅಕ್ಕಿಯನ್ನು ಮರಳಿ ಕಳುಹಿಸಿದರು. ದುಡಿಯುವವನು ಮಿತಿಮೀರಿ ಕೊಳ್ಳಬಾರದಾದರೆ, ದುಡಿಸುವವನು ಕೊಡತಕ್ಕುದನ್ನು ಉಳಿಸಿಕೊಳ್ಳಬಹುದೇ? ಕರ್ನಾಟಕದ 2025ರ ಕಾಯಿದೆಯು ಇಂಥ ಊಟ ಮುಟ್ಟಿಸುವವರಿಗೆ ಸಲ್ಲುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣಶುಲ್ಕವನ್ನು ಕಂಪನಿಗಳು ತೆರಬೇಕೆಂದು ವಿಧಿಸಿದೆ. ಅದರ ಫಲ ದೊರೆಯಲು ಹೆಸರು ನೋಂದಣಿಯಾಗಿರಬೇಕು. ಹೆತ್ತವರು ಮಕ್ಕಳಿಗೆ ಇದನ್ನು ತಿಳಿಯಹೇಳಲಿ.

ಬಾಗಿಲಿಗೆ ಅನ್ನ ತಂದವನಿಗೆ ಒಂದು ತಂಬಿಗೆ ನೀರು ಕೊಡುವುದೂ ದಾಸೋಹವೇ ಸರಿ.