ಮೊದಲು ಆಡಿ ನೋಡಿದವರು
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಗಳು ಮಾಡಿದ ಭಾಷಣದ ಬರಹರೂಪ)



ಈ ಅಂಗಳದಲ್ಲಿಯೇ ಓಡಾಡಿ ಬೆಳೆದ ನಾವು ಮೂವರು ಇಂದು ಬೆಂಗಳೂರಿನಲ್ಲಿ ನೆಲೆಸಿ, ಮೊಬೈಲ್ ಆಟಗಳನ್ನು ರೂಪಿಸುವ ಕಸುಬಿನಿಂದ ಜೀವನ ಸಾಗಿಸುತ್ತಿದ್ದೇವೆ. ಆಟದ ಹುಚ್ಚಿಗಾಗಿ ಬೆಂಚಿನ ಮೇಲೆ ನಿಂತವರಿಗೆ ಇಂಥ ಮಂಗಲ ಪ್ರಸಂಗದಲ್ಲಿ ಆಟದ ವಿಷಯವಾಗಿಯೇ ಮಾತನಾಡಲು ಅಪ್ಪಣೆ ದೊರೆತಿರುವುದು ನಮ್ಮ ಗುರುಗಳ ದೊಡ್ಡ ಮನಸ್ಸಿಗೆ ಸಾಕ್ಷಿ. ಮೊಬೈಲ್ ಆಟವೆಂದೊಡನೆ ಪಾಲಕರ ಹುಬ್ಬು ಗಂಟಿಕ್ಕುವುದನ್ನು ನಾವು ಬಲ್ಲೆವು. ಆಟಗಳ ಗುಣಗಾನ ಮಾಡಲು ನಾವು ಬಂದಿಲ್ಲ. ಹೊಸದೊಂದು ಆಟ ಲೋಕಕ್ಕೆ ಹೋಗುವ ಮುನ್ನ ಅದನ್ನು ಆಡಿ ನೋಡಿ, ಕುಂದುಕೊರತೆ ಹೇಳುವವರು ಕೆಲವರಿರುತ್ತಾರೆ. ಅವರನ್ನು ಬೀಟಾ ಪರೀಕ್ಷಕರೆಂದು ಕರೆಯುತ್ತಾರೆ. ಅವರಿಂದ ಕಲಿತದ್ದನ್ನು, ಅದರಲ್ಲಿಯೂ ಕಳೆದ ದೀಪಾವಳಿಯ ರಜೆಯಲ್ಲಿ ಇದೇ ಶಾಲೆಯ ಮಕ್ಕಳಿಂದ ಕಲಿತದ್ದನ್ನು, ತಮ್ಮ ಮುಂದೆ ನಿವೇದಿಸಲು ಬಂದಿದ್ದೇವೆ.

ಮಾತು ಹೊಸದೆನಿಸಿದರೂ ಪದ್ಧತಿ ನಮ್ಮ ನೆರೆಯಲ್ಲಿಯೇ ಇದೆ. ಕೃಷ್ಣೆಯ ಸೇತುವೆ ದಾಟಿ, ಸಾಂಗ್ಲಿಯ ಪೇಟೆಯನ್ನು ಹಾದು ಮುಂದೆ ಹೋದರೆ ಮಿರಜ. ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಆ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಸಿತಾರ, ತಂಬೂರಿಗಳನ್ನು ತಯಾರಿಸುವ ಮನೆತನಗಳಿವೆ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬುರುಡೆ ಕೂಡಿಸಿ, ತಂತಿ ಬಿಗಿದ ಮಾತ್ರಕ್ಕೆ ತಂಬೂರಿ ಸಿದ್ಧವಾಗುವುದಿಲ್ಲ. ತಂತಿಗಳು ಒರಗುವ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ನಾದವನ್ನು ಅರಳಿಸಬೇಕು. ಅದಕ್ಕೆ ಜವಾರಿ ತೆಗೆಯುವುದೆಂದು ಹೆಸರು. ಎಷ್ಟು ಉಜ್ಜಿದರೆ ಸಾಕೆಂಬುದನ್ನು ನುಡಿಸುವವರ ಕಿವಿ ಹೇಳಬೇಕು. ಅವರು ಮೀಟಿ ತಲೆಯಾಡಿಸಿದರೆ ಕುಶಲಕರ್ಮಿ ಕೈ ನಿಲ್ಲಿಸುತ್ತಾನೆ. ಮುಖ ಸಪ್ಪಗಾದರೆ ಮತ್ತೆ ಅರ ಹಿಡಿಯುತ್ತಾನೆ. ಬೀಟಾ ಪರೀಕ್ಷೆಯ ತಿರುಳೂ ಇಷ್ಟೇ. ಮಾಡಿದವನಿಗೆ ತನ್ನ ವಸ್ತುವಿನ ಒಳಗೆಲ್ಲ ಗೊತ್ತಿರುವುದರಿಂದ ಅದರ ದೋಷ ಕಾಣುವುದಿಲ್ಲ. ಬಳಸುವವನ ಬೆರಳಿಗೆ ಅದು ಮೊದಲ ಕ್ಷಣದಲ್ಲಿಯೇ ತಾಗುತ್ತದೆ.

ಬೀಟಾ ಎಂಬುದು ಗ್ರೀಕ್ ಅಕ್ಷರಮಾಲೆಯ ಎರಡನೆಯ ಅಕ್ಷರ. ಆಟ ಕಟ್ಟಿದವರು ತಮ್ಮ ಮನೆಯೊಳಗೇ ಮಾಡಿಕೊಳ್ಳುವ ಪರೀಕ್ಷೆ ಮೊದಲನೆಯದು, ಅಂದರೆ ಆಲ್ಫಾ. ಹೊರಗಿನ ಆಟಗಾರರ ಕೈಗೆ ಕೊಟ್ಟು ಮಾಡುವುದು ಎರಡನೆಯದು. ಆಯ್ದ ಕೆಲವರಿಗಷ್ಟೇ ಕೊಟ್ಟರೆ ಅದು ಮುಚ್ಚಿದ ಪರೀಕ್ಷೆ. ಬಯಸಿದವರಿಗೆಲ್ಲ ಕೊಟ್ಟರೆ ತೆರೆದ ಪರೀಕ್ಷೆ. ಕೆಲವು ಸಂಸ್ಥೆಗಳು ಒಂದೆರಡು ಸಣ್ಣ ದೇಶಗಳಲ್ಲಿ ಮಾತ್ರ ಮೊದಲು ಬಿಡುಗಡೆ ಮಾಡಿ ನೋಡುವುದೂ ಉಂಟು. ಇದು ಹೊಸ ಆಟಕ್ಕಷ್ಟೇ ಸೀಮಿತವಲ್ಲ. ಹಳೆಯ ಆಟಕ್ಕೆ ಹೊಸ ಹಂತ, ಹೊಸ ಪಾತ್ರ, ಹೊಸ ನಿಯಮ ಸೇರಿಸುವಾಗಲೂ ಮೊದಲು ಪರೀಕ್ಷಕರ ಕೈಗೆ ಹೋಗುತ್ತದೆ. ಹೊಸ ಪಾತ್ರವೊಂದು ಉಳಿದೆಲ್ಲ ಪಾತ್ರಗಳನ್ನು ಸುಲಭವಾಗಿ ಸೋಲಿಸುವಂತಿದ್ದರೆ ಆಟದ ಸಮತೋಲವೇ ಕೆಡುತ್ತದೆ. ನೂರಾರು ಪಂದ್ಯಗಳನ್ನು ಆಡದೆ ಅದು ತಿಳಿಯುವುದಿಲ್ಲ.

ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ 'ಬ್ರಾಲ್ ಸ್ಟಾರ್ಸ್' ಎಂಬ ಆಟವನ್ನು 2017ರ ಜೂನ್‌ನಲ್ಲಿ ಮೊದಲು ಕೆನಡಾದಲ್ಲಿ ಹೊರತಂದಿತು. ಆಗ ಫೋನನ್ನು ನೆಟ್ಟಗೆ ಹಿಡಿದು ಆಡಬೇಕಾಗಿತ್ತು. ಪರೀಕ್ಷೆಯ ಅವಧಿಯಲ್ಲಿ ಅದನ್ನು ಅಡ್ಡಲಾಗಿ ಹಿಡಿಯುವಂತೆ ಬದಲಿಸಿದರು. ಪಾತ್ರಗಳ ಚಿತ್ರಗಳನ್ನೂ ಹೊಸದಾಗಿ ಬರೆದರು. ಜಗತ್ತಿಗೆಲ್ಲ ಬಿಡುಗಡೆಯಾದದ್ದು 2018ರ ಡಿಸೆಂಬರ್‌ನಲ್ಲಿ. ಒಂದೂವರೆ ವರ್ಷ ಕಾದು ತಿದ್ದುವ ತಾಳ್ಮೆ ಅಲ್ಲಿತ್ತು. ನಮ್ಮ ದೇಶದಲ್ಲಿಯೂ ಈ ರೂಢಿ ಬೆಳೆದಿದೆ. 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಆಟವನ್ನು 2021ರ ಜೂನ್ 17ರಂದು ಪರೀಕ್ಷಕರಿಗೆ ತೆರೆದು, ಜುಲೈ 2ರಂದು ಎಲ್ಲರಿಗೂ ಒದಗಿಸಿದರು. ಪುಣೆಯ ಸೂಪರ್‌ಗೇಮಿಂಗ್ ಸಂಸ್ಥೆಯ 'ಇಂಡಸ್' ಆಟವೂ 2024ರ ಅಕ್ಟೋಬರ್‌ನಲ್ಲಿ ಹೊರಬರುವ ಮುನ್ನ ಮುಚ್ಚಿದ ಪರೀಕ್ಷೆಯನ್ನು ಹಾದುಬಂದಿತು.

ದೊಡ್ಡವರ ಮಾತು ಹಾಗಿರಲಿ. ನಾವು ಮೂವರು ಕಚೇರಿಯ ಕೆಲಸ ಮುಗಿದ ಮೇಲೆ, ನಮ್ಮ ಸಂತೋಷಕ್ಕಾಗಿ ಒಂದು ಸಣ್ಣ ಆಟವನ್ನು ಕಟ್ಟುತ್ತಿದ್ದೆವು. ಅದು ಚೌಕಾಬಾರ. ಐದು ಸಾಲು, ಐದು ಕಂಬಗಳ ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಈ ಶಾಲೆಯ ಕಟ್ಟೆಯ ಮೇಲೆ ಇದ್ದಿಲಿನಿಂದ ಮನೆ ಬರೆದು ನಾವು ಆಡಿದ ಆಟವೇ ಅದು. ಕನ್ನಡ, ಮರಾಠಿ ಎರಡು ಭಾಷೆಗಳಲ್ಲಿಯೂ ಆಡಬಹುದಾದಂತೆ ಅದನ್ನು ರೂಪಿಸಿದೆವು.

ಗೂಗಲ್ ಪ್ಲೇಯಲ್ಲಿ 2023ರ ನವೆಂಬರ್ 13ರ ನಂತರ ಸ್ವಂತ ಹೆಸರಿನಲ್ಲಿ ಖಾತೆ ತೆರೆದವರು ಆಟವನ್ನು ಪ್ರಕಟಿಸುವ ಮುನ್ನ ಮುಚ್ಚಿದ ಪರೀಕ್ಷೆ ನಡೆಸಲೇಬೇಕೆಂಬ ನಿಯಮವಿದೆ. ಮೊದಲು 20 ಪರೀಕ್ಷಕರು ಬೇಕಾಗಿತ್ತು. 2024ರ ಡಿಸೆಂಬರ್‌ನಲ್ಲಿ ಆ ಸಂಖ್ಯೆಯನ್ನು 12ಕ್ಕೆ ಇಳಿಸಿದರು. ಅವರು ಬಿಡದೆ 14 ದಿನ ಪರೀಕ್ಷೆಯಲ್ಲಿ ಇರಬೇಕು. ನಾವು ಬೆಂಗಳೂರಿನಲ್ಲಿ ಹನ್ನೆರಡು ಮಂದಿ ಗೆಳೆಯರನ್ನು ಕೂಡಿಸಿದೆವು. ಹದಿನಾಲ್ಕು ದಿನಗಳಾದವು. ಒಬ್ಬರು ಕವಡೆಯ ಸದ್ದು ಚೆನ್ನಾಗಿದೆ ಎಂದರು. ಇನ್ನೊಬ್ಬರು ಬಣ್ಣ ಸೊಗಸಾಗಿದೆ ಎಂದರು. ನಿಯಮ ಪೂರ್ತಿಯಾಯಿತು. ಕೆಲಸ ಮುಗಿಯಿತೆಂದು ಹಿಗ್ಗಿ, ದೀಪಾವಳಿಗೆ ಊರಿಗೆ ಬಂದಾಗ ಮಕ್ಕಳಿಗೆ ತೋರಿಸೋಣವೆಂದು ಶಾಲೆಗೆ ಬಂದೆವು. ಪಾಲಕರ ಒಪ್ಪಿಗೆ ಪಡೆದು, ಅವರದೇ ಫೋನುಗಳಲ್ಲಿ ಹನ್ನೆರಡು ಮಕ್ಕಳ ಕೈಗೆ ಆಟ ಕೊಟ್ಟೆವು.

ಮೊದಲ ದಿನ ನಾವು ಕೇಳಿದ್ದು ಒಂದೇ ಪ್ರಶ್ನೆ: "ಹೇಗಿದೆ?" ಹನ್ನೆರಡು ಬಾಯಿಗಳಿಂದಲೂ ಬಂದದ್ದು ಒಂದೇ ಉತ್ತರ: "ಚಲೋ ಐತ್ರಿ ಸರ." ಮನೆಗೆ ಬಂದವರು ಬಡಿಸಿದ ಅಡಿಗೆಯನ್ನು ಹಳಿಯದಿರುವುದು ನಮ್ಮ ಜನರ ಸಂಸ್ಕಾರ. ಆದರೆ ಪರೀಕ್ಷೆಗೆ ಆ ಸಂಸ್ಕಾರವೇ ಅಡ್ಡಿ. ಎರಡನೆಯ ದಿನ ನಾವು ಕೇಳುವುದನ್ನು ಬಿಟ್ಟು, ಹಿಂದೆ ಕುಳಿತು ಅವರ ಬೆರಳುಗಳನ್ನು ನೋಡತೊಡಗಿದೆವು. ಬೆರಳು ಎಲ್ಲಿ ತಡೆಯುತ್ತದೆ, ಯಾವ ಗುಂಡಿಯನ್ನು ಎರಡೆರಡು ಸಲ ಒತ್ತುತ್ತದೆ, ಯಾವಾಗ ಮಗು ಪಕ್ಕದವರ ಮುಖ ನೋಡುತ್ತದೆ ಎಂಬುದನ್ನು ಗುರುತು ಹಾಕಿಕೊಂಡೆವು. ಸಂಜೆ ಪ್ರಶ್ನೆಯನ್ನು ಬದಲಿಸಿದೆವು: "ಎಲ್ಲಿ ತಡೆದಿರಿ?"

ಆಗ ಮಾತು ಹರಿಯಿತು. ಆಟ ಬೇಗ ಮುಗಿಯಲೆಂದು ನಾವು ಒಂದು ಕಟ್ಟಳೆಯನ್ನು ತೆಗೆದುಹಾಕಿದ್ದೆವು. "ಎದುರಿನವರ ಒಂದು ಕಾಯಿ ಹೊಡೀದೆ ಒಳಸುತ್ತಿಗೆ ಹ್ಯಾಂಗ ಹೋಗತಾವ್ರಿ? ಇದು ಮೋಸ" ಎಂದು ಒಬ್ಬ ಹುಡುಗ ನೇರವಾಗಿಯೇ ಹೇಳಿದ. ಎರಡು ಕಾಯಿ ಜೊತೆಗೂಡಿದರೆ ಗಟ್ಟಿಯಾಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಇಬ್ಬರು ಹುಡುಗಿಯರಿಗೆ ಜಗಳವೇ ಆಯಿತು. ಒಬ್ಬೊಬ್ಬರ ಅಜ್ಜಿಯ ಮನೆಯಲ್ಲಿ ಒಂದೊಂದು ರೂಢಿ. ಮತ್ತೊಬ್ಬ ಹುಡುಗ ಅರ್ಧ ಆಡಿದ್ದಾಗ ಹೊಲದಿಂದ ಬಂದ ತಂದೆ ಫೋನು ತೆಗೆದುಕೊಂಡು ಹೋದರು. ಮರಳಿ ಸಿಕ್ಕಾಗ ಆಟ ಮೊದಲಿನಿಂದ ಆರಂಭವಾಗಿತ್ತು. ನಮ್ಮ ಬೆಂಗಳೂರಿನ ಹನ್ನೆರಡು ಪರೀಕ್ಷಕರಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಫೋನಿತ್ತು. ಮನೆಗೊಂದೇ ಫೋನು ಎಂಬ ಸ್ಥಿತಿ ಅವರ ಪರೀಕ್ಷೆಯೊಳಗೆ ಬರುವಂತೆಯೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಗೊತ್ತಾದದ್ದು ಮೂರನೆಯ ದಿನ. ಎರಡು ದಿನವೂ ತುಟಿ ಎರಡು ಮಾಡದೆ ಕುಳಿತಿದ್ದ ಹುಡುಗಿಯೊಬ್ಬಳು ಹೋಗುವ ಮುನ್ನ ಮೆಲ್ಲಗೆ ಕೇಳಿದಳು: "ಇದು ಕನ್ನಡದ ಆಟ ಅಂದಿದ್ರಲ್ರಿ ಸರ?" ಫೋನನ್ನು ತೆಗೆದು ನೋಡಿದೆವು. ಆಟ ಮರಾಠಿಯಲ್ಲಿತ್ತು. ಹನ್ನೆರಡು ಫೋನುಗಳಲ್ಲಿಯೂ ಮರಾಠಿಯಲ್ಲಿಯೇ ಇತ್ತು. ಫೋನು ಯಾವ ರಾಜ್ಯದಲ್ಲಿದೆ ಎಂಬುದನ್ನು ನೋಡಿ ಭಾಷೆಯನ್ನು ತಾನೇ ಆರಿಸಿಕೊಳ್ಳುವಂತೆ ನಾವು ಆಟವನ್ನು ಬರೆದಿದ್ದೆವು. ಕರ್ನಾಟಕವಾದರೆ ಕನ್ನಡ, ಮಹಾರಾಷ್ಟ್ರವಾದರೆ ಮರಾಠಿ. ಬೆಂಗಳೂರಿನಲ್ಲಿ ಎಲ್ಲರಿಗೂ ಕನ್ನಡವೇ ಬಂದಿತ್ತು. ನಮ್ಮ ಅಭ್ಯಾಸದ ಫೋನುಗಳಲ್ಲಿ ಕನ್ನಡವನ್ನು ಎಂದೋ ಆರಿಸಿಟ್ಟಿದ್ದರಿಂದ ಊರಿಗೆ ಬಂದ ಮೇಲೂ ನಮಗೆ ಅದು ಕಾಣಲಿಲ್ಲ. ಬೆರಳುಗಳನ್ನು ನೋಡಿದವರು ತೆರೆಯ ಮೇಲಿನ ಅಕ್ಷರಗಳನ್ನು ನೋಡಿರಲಿಲ್ಲ.

"ಮೊದಲ ದಿನವೇ ಏಕೆ ಹೇಳಲಿಲ್ಲ?" ಎಂದು ಉಳಿದ ಮಕ್ಕಳನ್ನು ಕೇಳಿದೆವು. "ನಡೀತೈತ್ರಿ ಸರ, ನಮಗ ಮರಾಠಿನೂ ಬರತೈತಿ" ಎಂದರು. ಆ ಉತ್ತರ ಕೇಳಿ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮರಾಠಿ ನಮ್ಮ ನೆರೆಮನೆಯ ಮಾತು, ಅದರ ಮೇಲೆ ನಮಗೆ ಪ್ರೀತಿಯೇ ಇದೆ. ಮಕ್ಕಳಿಗೆ ಎರಡೂ ಬರುತ್ತವೆ ಎಂಬುದು ಹೆಮ್ಮೆಯ ಸಂಗತಿ. ಆದರೆ ಮಹಾರಾಷ್ಟ್ರದಲ್ಲಿ ಕನ್ನಡ ಓದುವ ಮಕ್ಕಳೂ ಇದ್ದಾರೆಂಬುದನ್ನು ಮರೆತವರು ಯಾರೋ ದೂರದೇಶದವರಲ್ಲ. ಇದೇ ಶಾಲೆಯಲ್ಲಿ ಕನ್ನಡ ಕಲಿತ ನಾವು. ಊರು ಬಿಟ್ಟು ಹತ್ತು ವರ್ಷಗಳಾಗುವಷ್ಟರಲ್ಲಿ ನಮ್ಮ ಲೆಕ್ಕದಿಂದ ನಮ್ಮದೇ ಶಾಲೆ ಜಾರಿಹೋಗಿತ್ತು.

ಅಂದು ನಾವು ಕಲಿತದ್ದು ಎರಡು ಮಾತು. ಮೊದಲನೆಯದು, ಪರೀಕ್ಷಕರು ನಮ್ಮಂತೆಯೇ ಇದ್ದರೆ ಪರೀಕ್ಷೆ ಕನ್ನಡಿಯಾಗುತ್ತದೆ. ನಮ್ಮ ಮುಖವನ್ನೇ ನಮಗೆ ತೋರಿಸುತ್ತದೆ. ಸಂಖ್ಯೆ ದೊಡ್ಡದಾಗಬೇಕೆಂದೇನೂ ಇಲ್ಲ. ಬಳಕೆಯ ಸುಲಭತೆಯನ್ನು ಅಭ್ಯಾಸ ಮಾಡಿದ ಯಾಕೋಬ್ ನೀಲ್ಸನ್ ಅವರು ಐದು ಮಂದಿಯನ್ನು ಕೂಡಿಸಿ ನೋಡಿದರೂ ಸುಮಾರು 85 ಪ್ರತಿಶತ ತೊಡಕುಗಳು ತಿಳಿಯುತ್ತವೆಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಆದರೆ ಆ ಐವರು ಯಾರು ಎಂಬುದು ಮುಖ್ಯ. ಎರಡನೆಯದು, ಜನ ಯಾವುದಕ್ಕೆ ಒಗ್ಗಿಹೋಗಿರುತ್ತಾರೋ ಅದನ್ನು ತಪ್ಪೆಂದು ಹೇಳುವುದಿಲ್ಲ. ಹೊಸ ನೋವು ಬಾಯಿಗೆ ಬರುತ್ತದೆ. ಹಳೆಯದು ನಡಿಗೆಯಲ್ಲಿಯೇ ಸೇರಿಹೋಗಿರುತ್ತದೆ. ಅದನ್ನು ಹುಡುಕಿ ಕೇಳಬೇಕಾದವರು ಆಟ ಕಟ್ಟಿದವರು.

ಪರೀಕ್ಷಕರು ಹೇಳಿದ್ದನ್ನೆಲ್ಲ ಹಾಗೆಯೇ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಸೋತವರಿಗೂ ನಾಣ್ಯಗಳನ್ನು ಕೊಡಬೇಕೆಂದು ಒಬ್ಬ ಹುಡುಗ ಹಟ ಹಿಡಿದಿದ್ದ. ವಿಚಾರಿಸಿದಾಗ ತಿಳಿದದ್ದು ಬೇರೆ: ಮೂವರು ಎದುರಾಳಿಗಳು ಆಡಿ ಮುಗಿಸುವವರೆಗೆ ಅವನಿಗೆ ಬೇಸರ ಬರುತ್ತಿತ್ತು. ನಾಣ್ಯ ಕೊಡಲಿಲ್ಲ, ಪಾಳಿಗಳ ನಡುವಿನ ಕಾಯುವ ಹೊತ್ತನ್ನು ಕಡಿಮೆ ಮಾಡಿದೆವು, ಅವನ ಹಟ ನಿಂತಿತು. ಎಲ್ಲಿ ನೋಯುತ್ತದೆ ಎಂಬುದನ್ನು ರೋಗಿಯೇ ಹೇಳಬೇಕು. ಔಷಧ ಯಾವುದೆಂಬುದನ್ನು ವೈದ್ಯ ನಿರ್ಣಯಿಸಬೇಕು.

ಪಾಲಕರಿಗೆ ಒಂದು ಮಾತು. ಇದೇ ಪರೀಕ್ಷೆಯನ್ನು ಕೆಟ್ಟ ಪ್ರಶ್ನೆಗೂ ಬಳಸಬಹುದು. ಮಗು ಎಲ್ಲಿ ಎಡವಿತು ಎಂದು ಕೇಳುವ ಬದಲು, ಏನು ಮಾಡಿದರೆ ಮಗು ಫೋನು ಕೆಳಗಿಡುವುದಿಲ್ಲ ಎಂದು ಕೇಳುವವರೂ ಇದ್ದಾರೆ. ಸಾಧನ ಒಂದೇ, ಉದ್ದೇಶ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪಾಲಕರ ಖಚಿತ ಒಪ್ಪಿಗೆ ಬೇಕೆಂದು ಹೇಳುತ್ತದೆ; ಮಕ್ಕಳ ನಡವಳಿಕೆಯನ್ನು ಬೆನ್ನಟ್ಟಿ ನೋಡುವುದನ್ನೂ ನಿಷೇಧಿಸುತ್ತದೆ. ಆದ್ದರಿಂದ ಮಕ್ಕಳ ಕೈಗೆ ಯಾರಾದರೂ ಪರೀಕ್ಷೆಯ ಆಟ ಕೊಟ್ಟರೆ, ಇದರಿಂದ ನಿಮಗೆ ತಿಳಿಯಬೇಕಾದದ್ದು ಏನು ಎಂದು ಅವಶ್ಯವಾಗಿ ಕೇಳಿರಿ.

ಕೊನೆಯದಾಗಿ ಶಾಲೆಯ ಮುಂದೆ ನಮ್ಮದೊಂದು ಬಿನ್ನಹವಿದೆ. ತಿಂಗಳಿಗೊಂದು ಶನಿವಾರ, ಪಾಲಕರ ಒಪ್ಪಿಗೆಯಿಂದ, ಗುರುಗಳ ಎದುರಿನಲ್ಲಿ, ಒಂದು ಗಂಟೆ ಮಾತ್ರ, ಕನ್ನಡದ ಹೊಸ ಆಟಗಳನ್ನೂ ಕಲಿಕೆಯ ಸಾಧನಗಳನ್ನೂ ಮಕ್ಕಳು ಪರೀಕ್ಷಿಸಲಿ. ಪ್ರತಿ ಮಗುವಿಗೂ ಒಂದು ವಹಿ ಇರಲಿ. ಏನು ಮಾಡಲು ಹೋದೆ, ಏನಾಯಿತು, ಏನಾಗಬೇಕಾಗಿತ್ತು ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಬರೆಯಲಿ. ಕಂಡದ್ದನ್ನು ಕಂಡಂತೆ ಬರೆಯುವುದು ವಿಜ್ಞಾನದ ಪಾಠವೂ ಹೌದು, ಭಾಷೆಯ ಪಾಠವೂ ಹೌದು. ಆ ವಹಿಗಳನ್ನು ಓದಿ, ಪ್ರತಿಯೊಂದಕ್ಕೂ ಉತ್ತರ ಬರೆಯುವ ಹೊಣೆ ನಮ್ಮದು. ದುಡಿದವರ ಹೆಸರು ಬಿಟ್ಟುಹೋಗಬಾರದು. ಪಾಲಕರು ಒಪ್ಪಿದರೆ ಆಟದ ಕೊನೆಯ ಪುಟದಲ್ಲಿ ಮಕ್ಕಳ ಹೆಸರು ಇರುತ್ತದೆ.

ನಮ್ಮ ಚೌಕಾಬಾರ ಇನ್ನೂ ಪ್ರಕಟವಾಗಿಲ್ಲ. ಕಾಯಿ ಹೊಡೆಯುವ ಕಟ್ಟಳೆ ಮರಳಿ ಬಂದಿದೆ. ಯಾವ ರೂಢಿಯಂತೆ ಆಡಬೇಕೆಂಬುದನ್ನು ಆಡುವವರೇ ಮೊದಲು ಆರಿಸಿಕೊಳ್ಳಬಹುದು. ಫೋನು ಕೈತಪ್ಪಿದರೆ ಆಟ ನಿಂತಲ್ಲಿಯೇ ಕಾಯುತ್ತದೆ. ಈಗ ಆಟ ತೆರೆದೊಡನೆ ಕನ್ನಡ, ಮರಾಠಿ ಎಂಬ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿ, ಒಂದೇ ಅಳತೆಯಲ್ಲಿ ಕಾಣಿಸುತ್ತವೆ. ಫೋನು ಯಾವ ರಾಜ್ಯದಲ್ಲಿದೆ ಎಂದು ಅದು ನೋಡುವುದಿಲ್ಲ, ಆಡುವವರನ್ನೇ ಕೇಳುತ್ತದೆ. ಆ ಹುಡುಗಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾಳೆ. ಈ ಸಭೆ ಮುಗಿದ ಮೇಲೆ ತಿದ್ದಿದ ಆಟವನ್ನು ಮೊದಲು ಅವಳ ಕೈಗೆ ಕೊಡುತ್ತೇವೆ. ಅವಳು ಸರಿ ಎಂದ ಮೇಲೆಯೇ ಅದು ಹೊರಗೆ ಹೋಗುವುದು.