ಡ್ರಮ್‌ನಿಂದ ದ್ರವ ವರ್ಗಾವಣೆ: ಸುರಕ್ಷಿತ ಪಂಪಿನ ಆಯ್ಕೆ

(ರಾಷ್ಟ್ರೀಯ ಸುರಕ್ಷತಾ ಸಪ್ತಾಹದ ಅಂಗವಾಗಿ ಕೆಂಗೇರಿ ಹೋಬಳಿಯ ಗ್ರಾಮ ಪಂಚಾಯಿತಿ ಪ್ರತಿನಿಧಿಗಳು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಹಾಗೂ ಸಣ್ಣ ಕೈಗಾರಿಕೆಗಳ ಮಾಲೀಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಗರದ ಪಶ್ಚಿಮ ಭಾಗವು ಸಣ್ಣ ಕೈಗಾರಿಕೆಗಳ ನೆಲೆ. ರಾಜಾಜಿನಗರದ ಕೈಗಾರಿಕಾ ವಸಾಹತು ಮತ್ತು ಕಾಮಾಕ್ಷಿಪಾಳ್ಯದಿಂದ ಹಿಡಿದು ಕೆಂಗೇರಿಯಾಚೆಯ ಕುಂಬಳಗೋಡಿನವರೆಗೆ ಲೋಹಲೇಪನ, ಬಣ್ಣ, ಮುದ್ರಣ, ಫಿನಾಯಿಲ್ ತಯಾರಿಕೆಯ ಘಟಕಗಳು ಹಬ್ಬಿವೆ. ಇವುಗಳಲ್ಲಿ ಬಹುತೇಕ ಕಡೆ 200 ಲೀಟರಿನ ಡ್ರಮ್ ಇದ್ದೇ ಇರುತ್ತದೆ. ಲಾರಿಯಲ್ಲಿ ಬಂದಿಳಿದು ಮುಚ್ಚಳ ಬಿಗಿದು ನಿಂತಿರುವಷ್ಟು ಕಾಲ ಆ ಡ್ರಮ್ ಬಹುಮಟ್ಟಿಗೆ ನಿರಪಾಯಕಾರಿ. ಮುಚ್ಚಳ ತೆಗೆದು ದ್ರವವನ್ನು ಕ್ಯಾನಿಗೋ ತೊಟ್ಟಿಗೋ ಸುರಿಯುವ ಕೆಲವು ನಿಮಿಷಗಳಲ್ಲಿಯೇ ಅಪಾಯವು ತಲೆಯೆತ್ತುತ್ತದೆ.

ಇದು ಊಹೆಯ ಮಾತಲ್ಲ. 2020ರ ನವೆಂಬರ್ 10ರಂದು ಮೈಸೂರು ರಸ್ತೆಯ ಬಾಪೂಜಿನಗರ ಬಳಿಯ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕಗಳ ದಾಸ್ತಾನು ಮಳಿಗೆಯೊಂದು ಹೊತ್ತಿ ಉರಿಯಿತು. ದ್ರವವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಿದ್ದಾಗ ಬೆಂಕಿ ಕಾಣಿಸಿಕೊಂಡಿತೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. ಜನವಸತಿಯ ನಡುವೆ ಇದ್ದ ಕಾರಣ ನೆರೆಹೊರೆಯವರು ಮನೆ ಬಿಟ್ಟು ಹೊರಬರಬೇಕಾಯಿತು. 2024ರ ಫೆಬ್ರವರಿ 18ರಂದು ನಮ್ಮ ಕುಂಬಳಗೋಡು ಸಮೀಪದ ರಾಮಸಂದ್ರದಲ್ಲಿ ಸುಗಂಧದ್ರವ್ಯದ ಗೋದಾಮಿನಲ್ಲಿ ಬೆಂಕಿ ಬಿದ್ದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಎರಡನೆಯದು ಗ್ರಾಮೀಣ ಪ್ರದೇಶದ ಘಟನೆ ಎಂಬುದನ್ನು ಈ ಸಭೆ ಗಮನಿಸಬೇಕು.

ಮೊದಲು ಬಿಡಬೇಕಾದ ಪದ್ಧತಿಗಳು

ಇಂದಿಗೂ ಅನೇಕ ಕಡೆ ಡ್ರಮ್ಮನ್ನು ಇಬ್ಬರು ಓರೆ ಮಾಡಿ ಸುರಿಯುತ್ತಾರೆ. 200 ಲೀಟರ್ ಗಂಧಕಾಮ್ಲದ ತೂಕ ಸುಮಾರು 365 ಕಿಲೋ. ಇಷ್ಟು ಭಾರ ಕೈತಪ್ಪಿದರೆ ಹಿಡಿಯುವ ಶಕ್ತಿ ಯಾರಿಗೂ ಇಲ್ಲ. ಕೊಳವೆಯನ್ನು ಬಾಯಲ್ಲಿಟ್ಟು ದ್ರವವನ್ನು ಎಳೆಯುವುದಂತೂ ವಿಷಪ್ರಾಶನಕ್ಕೆ ಸಮಾನ.

ಇವೆರಡಕ್ಕಿಂತ ಮೋಸದ ಪದ್ಧತಿ ಮತ್ತೊಂದಿದೆ. ಕಂಪ್ರೆಸರಿನ ಗಾಳಿಯನ್ನು ಡ್ರಮ್ಮಿನೊಳಗೆ ಬಿಟ್ಟು ದ್ರವವನ್ನು ಹೊರದೂಡುತ್ತಾರೆ. ಡ್ರಮ್ಮಿನ ಮೇಲ್ತಟ್ಟೆಯ ವ್ಯಾಸ ಸುಮಾರು 57 ಸೆಂಟಿಮೀಟರ್, ವಿಸ್ತೀರ್ಣ ಸುಮಾರು 2,550 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ ಕೇವಲ ಒಂದು ಕಿಲೋ ಒತ್ತಡ ಬಿದ್ದರೂ ಆ ತಟ್ಟೆಯ ಮೇಲೆ ಎರಡೂವರೆ ಟನ್ ಭಾರ ಹೇರಿದಂತಾಗುತ್ತದೆ. ಡ್ರಮ್ ಒತ್ತಡ ತಡೆಯಲು ಮಾಡಿದ ಪಾತ್ರೆಯಲ್ಲ. ಅದು ಸಿಡಿದರೆ ಆಮ್ಲ ಅಥವಾ ಥಿನ್ನರ್ ಎದುರಿದ್ದವರ ಮುಖಕ್ಕೇ ಚಿಮ್ಮುತ್ತದೆ.

ಪಂಪಿಗಿಂತ ಮೊದಲು ದ್ರವವನ್ನು ಅರಿಯಿರಿ

ಪಂಪ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಬೆಲೆಯನ್ನು, ಅನಂತರ ಅಶ್ವಶಕ್ತಿಯನ್ನು ಕೇಳುತ್ತಾರೆ. ಕ್ರಮವು ತಿರುಗಬೇಕು. ದ್ರವದ ಸರಬರಾಜುದಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಪಡೆದು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಈ ದ್ರವ ಉರಿಯುವುದೇ? ಏನನ್ನು ತಿನ್ನುವುದು? ಎಷ್ಟು ಮಂದ, ಎಷ್ಟು ಭಾರ?

ಮೊದಲನೆಯದು ಉರಿಯುವ ಗುಣ. ದ್ರವದ ಆವಿಯು ಕಿಡಿ ತಾಗಿದೊಡನೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಎಂದು ಹೆಸರು. ಟಾಲ್ವೀನಿಗೆ ಅದು ಸುಮಾರು 4 ಡಿಗ್ರಿ ಸೆಲ್ಸಿಯಸ್, ಐಸೊಪ್ರೊಪೈಲ್ ಆಲ್ಕೋಹಾಲಿಗೆ ಸುಮಾರು 12. ಅಸಿಟೋನಿನದು ಸೊನ್ನೆಗಿಂತಲೂ ಬಹಳ ಕೆಳಗೆ. ಬೆಂಗಳೂರಿನ ಸಾಧಾರಣ ಚಳಿಯ ಮುಂಜಾನೆಯೂ ಇವುಗಳ ಪಾಲಿಗೆ ಬಿಸಿಯೇ. ಈ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಸ್ವಿಚ್ಚನ್ನೋ ಒಲೆಯನ್ನೋ ತಲುಪುತ್ತದೆ. ಇಂತಹ ದ್ರವಕ್ಕೆ ಸಾಧಾರಣ ವಿದ್ಯುತ್ ಮೋಟಾರಿನ ಪಂಪ್ ಸರ್ವಥಾ ಸಲ್ಲದು. ಕೈಪಂಪ್, ಗಾಳಿಯಿಂದ ನಡೆಯುವ ಮೋಟಾರಿನ ಪಂಪ್ ಅಥವಾ ಪ್ರಮಾಣಪತ್ರವುಳ್ಳ ಜ್ವಾಲಾನಿರೋಧಕ ಮೋಟಾರಿನ ಪಂಪನ್ನು ಮಾತ್ರ ಬಳಸಬೇಕು. ಪಂಪಿನ ಕೊಳವೆಯು ಸ್ಟೇನ್‌ಲೆಸ್ ಸ್ಟೀಲಿನಂತಹ ವಿದ್ಯುದ್ವಾಹಕ ಲೋಹದ್ದಾಗಿರಬೇಕು.

ಎರಡನೆಯದು ತಿನ್ನುವ ಗುಣ. ಲೋಹಲೇಪನ ಘಟಕಗಳಲ್ಲಿ ಬಳಸುವ ಹೈಡ್ರೋಕ್ಲೋರಿಕ್ ಆಮ್ಲವು ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಅದಕ್ಕೆ ಪಾಲಿಪ್ರೊಪಿಲೀನ್ ಕೊಳವೆ ಹೊಂದುತ್ತದೆ. ಆದರೆ ಸಾಂದ್ರ ನೈಟ್ರಿಕ್ ಆಮ್ಲವು ಆ ಪಾಲಿಪ್ರೊಪಿಲೀನನ್ನೇ ಹಾಳುಮಾಡುತ್ತದೆ. ಅಲ್ಲಿ ಪಿವಿಡಿಎಫ್ ಬೇಕು. ಕಾಸ್ಟಿಕ್ ಸೋಡಾ ದ್ರಾವಣವು ಅಲ್ಯುಮಿನಿಯಮ್ಮಿನೊಡನೆ ಸೇರಿದರೆ ಹೈಡ್ರೋಜನ್ ಹೊಮ್ಮುತ್ತದೆ. ಎಣ್ಣೆಗೆ ಯೋಗ್ಯವಾದ ಬೀಡುಕಬ್ಬಿಣದ ಕೈಪಂಪ್ ಆಮ್ಲಕ್ಕೆ ಅಯೋಗ್ಯ.

ಸೀಲ್‌ಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವೈಟಾನ್ ಸೀಲ್ ಟಾಲ್ವೀನನ್ನು ತಡೆದೀತು, ಅಸಿಟೋನಿನಲ್ಲಿ ಉಬ್ಬಿ ಕೆಡುತ್ತದೆ. ಇಪಿಡಿಎಂ ಸೀಲ್ ಅಸಿಟೋನನ್ನು ತಡೆದೀತು, ಟಾಲ್ವೀನಿನಲ್ಲಿ ಕೆಡುತ್ತದೆ. ಪೇಟೆಯ ಥಿನ್ನರಿನಲ್ಲಿ ಇವೆರಡೂ ಬೆರೆತಿರಬಹುದು. ಆದುದರಿಂದ ಥಿನ್ನರಿಗೆ ಟೆಫ್ಲಾನ್ ಸೀಲ್ ಇರುವ ಪಂಪೇ ಲೇಸು.

ಮೂರನೆಯದು ಮಂದತೆ ಮತ್ತು ಭಾರ. ನೀರಿನಂತೆ ಹರಿಯುವ ದ್ರವಗಳಿಗೆ ಡ್ರಮ್ಮಿನೊಳಗೆ ಇಳಿಬಿಡುವ, ರೆಕ್ಕೆಚಕ್ರದ ಪಂಪ್ ಸಾಕು. ಜೇನಿನಂತೆ ಮಂದವಾದ ರಾಳ, ಅಂಟು, ಸಾಬೂನು ದ್ರಾವಣಗಳಿಗೆ ತಿರುಪಿನಾಕಾರದ ತಿರುಗಣೆಯುಳ್ಳ ಪಂಪ್ ಬೇಕಾಗುತ್ತದೆ. ಗಂಧಕಾಮ್ಲದಂತಹ ಭಾರದ ದ್ರವಕ್ಕೆ ನೀರಿನ ಲೆಕ್ಕದ ಮೋಟಾರ್ ಹಾಕಿದರೆ ಅದು ಬಿಸಿಯಾಗಿ ಸುಡುತ್ತದೆ.

ಒಂದು ದ್ರವಕ್ಕೆ ಒಂದೇ ಪಂಪ್ ಎಂಬುದು ನಿಯಮವಾಗಲಿ. ಶೌಚಾಲಯ ಸ್ವಚ್ಛಗೊಳಿಸುವ ಆಮ್ಲವನ್ನು ತೆಗೆದ ಪಂಪನ್ನೇ ಬ್ಲೀಚಿಂಗ್ ದ್ರಾವಣಕ್ಕೆ ಇಳಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಪ್ರತಿ ಪಂಪಿನ ಮೇಲೂ ದ್ರವದ ಹೆಸರನ್ನು ಕನ್ನಡದಲ್ಲಿ, ಹಾಗೂ ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ, ಬರೆಸಿರಿ.

ಕಾಣದ ಕಿಡಿ

ಸರಿಯಾದ ಪಂಪ್ ಕೊಂಡರೂ ಒಂದು ಅಪಾಯ ಉಳಿದೇ ಇರುತ್ತದೆ. ಕೊಳವೆಯಲ್ಲಿ ದ್ರವ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟಿ ಪಾತ್ರೆಯಲ್ಲಿ ಕೂಡಿಕೊಳ್ಳುತ್ತದೆ. ಟಾಲ್ವೀನಿನ ಆವಿ ಹೊತ್ತಿಕೊಳ್ಳಲು ಮಿಲಿಜೌಲಿನ ಕಾಲು ಭಾಗದಷ್ಟು ಶಕ್ತಿ ಸಾಕು. ನೈಲಾನ್ ಬಟ್ಟೆ ತೊಟ್ಟವರ ಬೆರಳ ತುದಿಯಿಂದ ಹಾರುವ ಕಿಡಿಯಲ್ಲಿ ಅದಕ್ಕಿಂತ ಹಲವು ಪಟ್ಟು ಶಕ್ತಿಯಿರಬಲ್ಲದು.

ಪರಿಹಾರ ಸರಳ. ಡ್ರಮ್, ಪಂಪ್ ಮತ್ತು ತುಂಬಿಸಿಕೊಳ್ಳುವ ಲೋಹದ ಪಾತ್ರೆ ಈ ಮೂರನ್ನೂ ತಂತಿಯಿಂದ ಜೋಡಿಸಿ ಅರ್ಥಿಂಗ್ ಮಾಡಬೇಕು. ಕ್ಲಿಪ್ಪಿನ ಹಲ್ಲು ಬಣ್ಣದ ಪದರವನ್ನು ಕೊರೆದು ಲೋಹವನ್ನು ಮುಟ್ಟಬೇಕು. ಮುಚ್ಚಳ ತೆಗೆಯುವ ಮೊದಲು ತಂತಿ ಜೋಡಿಸಬೇಕು, ಕೆಲಸವೆಲ್ಲ ಮುಗಿದ ಮೇಲೆ ಕಳಚಬೇಕು. ಪ್ಲಾಸ್ಟಿಕ್ ಕ್ಯಾನಿಗೆ ಅರ್ಥಿಂಗ್ ಮಾಡಲು ಬರುವುದಿಲ್ಲವಾದ್ದರಿಂದ ಉರಿಯುವ ದ್ರವವನ್ನು ಅದರಲ್ಲಿ ತುಂಬಬಾರದು. ಕೊಳವೆಯ ತುದಿ ಪಾತ್ರೆಯ ತಳವನ್ನು ಮುಟ್ಟಿರಲಿ. ಅದು ದ್ರವದಲ್ಲಿ ಮುಳುಗುವವರೆಗೆ ಹರಿವಿನ ವೇಗ ಸೆಕೆಂಡಿಗೆ ಒಂದು ಮೀಟರ್ ಮೀರದಿರಲಿ. ಒಂದು ಅಂಗುಲದ ಕೊಳವೆಯಲ್ಲಿ ಇದು ನಿಮಿಷಕ್ಕೆ ಸುಮಾರು 30 ಲೀಟರ್. ಇಡೀ ಡ್ರಮ್ಮನ್ನು ಈ ವೇಗದಲ್ಲೇ ಬರಿದು ಮಾಡಿದರೂ ಏಳು ನಿಮಿಷ ಸಾಕು. ಆತುರಕ್ಕೆ ಕಾರಣವೇ ಇಲ್ಲ.

ಡ್ರಮ್ಮಿನ ಎರಡಂಗುಲದ ಬಾಯಿಯಲ್ಲಿ ಪಂಪನ್ನು ಇಳಿಸಿದಾಗ ಮುಕ್ಕಾಲಂಗುಲದ ಇನ್ನೊಂದು ಬಾಯಿಯನ್ನು ಗಾಳಿಯಾಡಲು ಸಡಿಲಿಸಿರಿ. ಡ್ರಮ್ಮಿನ ಕೆಳಗೆ ಸೋರಿಕೆ ಹಿಡಿಯುವ ತಟ್ಟೆಯೂ, ಕೈಗೆಟಕುವಂತೆ ಕನ್ನಡಕ, ಕೈಗವಸುಗಳೂ ಇರಲಿ. ಕಣ್ಣಿಗೆ ಆಮ್ಲ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಟಾಲ್ವೀನ್, ಥಿನ್ನರಿನ ಬೆಂಕಿಗೆ ನೀರೆರಚಬಾರದು. ನೊರೆ ಅಥವಾ ಒಣಪುಡಿಯ ಅಗ್ನಿಶಾಮಕವೇ ಆಗಬೇಕು.

ಪಂಚಾಯಿತಿಯ ಹೊಣೆ

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 66ನೇ ಪ್ರಕರಣದಂತೆ ಕಾರ್ಖಾನೆ ಕಟ್ಟಲು, ಯಂತ್ರ ಸ್ಥಾಪಿಸಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಅರ್ಜಿ ಬಂದಾಗ ನಾವು ಅಶ್ವಶಕ್ತಿಯನ್ನು ಕೇಳುತ್ತೇವೆ, ಶುಲ್ಕವನ್ನು ಲೆಕ್ಕ ಹಾಕುತ್ತೇವೆ. ಇದರೊಡನೆ ಇನ್ನು ಮೂರು ಪ್ರಶ್ನೆಗಳನ್ನು ಕೇಳೋಣ: ಯಾವ ದ್ರವವನ್ನು ಎಷ್ಟು ಡ್ರಮ್ ಇಡುವಿರಿ? ಅದನ್ನು ಯಾವ ಪಂಪಿನಿಂದ ತೆಗೆಯುವಿರಿ? ಅರ್ಥಿಂಗ್ ಎಲ್ಲಿದೆ? ಉತ್ತರ ಸಂಶಯಾಸ್ಪದವೆನಿಸಿದರೆ ಕಾರ್ಖಾನೆಗಳು ಹಾಗೂ ಬಾಯ್ಲರುಗಳ ಇಲಾಖೆಯ ಮತ್ತು ಅಗ್ನಿಶಾಮಕ ಇಲಾಖೆಯ ಅಭಿಪ್ರಾಯ ಪಡೆಯೋಣ. ಹೊಲಗಳ ನಡುವಿನ ತಗಡಿನ ಶೆಡ್ಡುಗಳನ್ನು ಬಾಡಿಗೆಗೆ ಕೊಡುವ ಭೂಮಾಲೀಕರಿಗೂ ಈ ಪ್ರಶ್ನೆಗಳು ಮುಟ್ಟಲಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಮಾತು ನಮ್ಮೆಲ್ಲರಿಗೂ ಗೊತ್ತು. ಡ್ರಮ್ಮಿನ ಬಳಿ ನಿಲ್ಲುವವರು ಬಹುಪಾಲು ಊರು ಬಿಟ್ಟು ದುಡಿಯಲು ಬಂದ ಯುವಕರು. ಪಂಪನ್ನು ಆರಿಸುವ ಅಧಿಕಾರ ಅವರಿಗಿಲ್ಲ. ಅದು ಮಾಲೀಕರ ಕೈಯಲ್ಲಿದೆ. ಕೇಳುವ ಅಧಿಕಾರ ನಮ್ಮ ಕೈಯಲ್ಲಿದೆ. ಇಬ್ಬರೂ ತಮ್ಮ ತಮ್ಮ ಅಧಿಕಾರವನ್ನು ಸಕಾಲದಲ್ಲಿ ಬಳಸಬೇಕೆಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.