ಬಾಯಿಮಾತಿನ ಹುಕುಂ, ಬಿಳಿಹಾಳೆಯ ಹೆಬ್ಬೆಟ್ಟು

(ಹೆಗ್ಗಡದೇವನಕೋಟೆಯಲ್ಲಿ ಪಂಚಾಯ್ತಿ ಮತ್ತು ಪಟ್ಟಣದ ಪೌರ ನೌಕರರ ಮುಂದೆ ಆಡಿದ ಮಾತುಗಳ ಬರಹ)



ನಾನು ವಕೀಲನಲ್ಲ. ಬಿ.ಎ. ಮಾಡಿಕೊಂಡು, ನಾಕು ಪದ್ಯ ಬರಕೊಂಡು, ಕೆಲಸಕ್ಕೆ ಅರ್ಜಿ ಹಾಕ್ಕೊಂಡು ಓಡಾಡ್ತಿರೋ ಹುಡುಗ. "ಕಾನೂನಿನ ಬಗ್ಗೆ ಮಾತಾಡಪ್ಪ" ಅಂತ ಕರೆದಾಗ ಹಿಂಜರಿದೆ. ಆದರೆ ನಮ್ಮಪ್ಪ ಈ ಸೀಮೆಯ ಒಂದು ಪಂಚಾಯ್ತಿಯಲ್ಲಿ ಇಪ್ಪತ್ತೆರಡು ವರ್ಷ ಚರಂಡಿ ಬಾಚಿದವನು. ಪಂಚಾಯ್ತಿ ಹೆಸರು ಬೇಡ. ಒಂದು ದಿನ ಆಫೀಸಿಗೆ ಕರೆದು ಬಿಳಿ ಹಾಳೆ ಮುಂದಿಟ್ಟು "ಒತ್ತು" ಅಂದರು. "ಆಯ್ತು ಬುದ್ದಿ" ಅಂತ ಅಪ್ಪ ಒತ್ತಿದ. ಮುಂದಿನ ತಿಂಗಳು ಆ ಹಾಳೆಯ ಮೇಲೆ, ಹೆಬ್ಬೆಟ್ಟಿನ ಮೇಲುಗಡೆ, "ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ" ಅನ್ನೋ ಬರಹ ಹುಟ್ಟಿಕೊಂಡಿತ್ತು. ಆ ಹಾಳೆ ಹಿಂದೆ ಓಡಾಡಿ ಓಡಾಡಿ ನಾನು ಕಲಿತದ್ದೇ ನನ್ನ ಕಾನೂನು.

ಮೊದಲನೇ ಪ್ರಶ್ನೆ, ನೀವೆಲ್ಲ ಕೇಳೋದು: "ನಾನು ನೌಕರನೇ ಹೌದಾ?" ನೀರುಗಂಟಿ, ಜಾಡಮಾಲಿ, ಜವಾನ, ಬಿಲ್ ಕಲೆಕ್ಟರ್, ಯಾರೇ ಆಗಲಿ, 1993ರ ಪಂಚಾಯತ್ ರಾಜ್ ಕಾಯಿದೆ ಪ್ರಕಾರ ಗ್ರಾಮ ಪಂಚಾಯ್ತಿ ನೇಮಕ ಮಾಡಬೇಕಾದರೆ ಜಿಲ್ಲಾ ಪಂಚಾಯ್ತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಅನುಮೋದನೆ ಬೇಕು. ನಮ್ಮಲ್ಲಿ ಆಗೋದೇನು? ಅಧ್ಯಕ್ಷರು "ಬಾರೋ ಮಗ, ನಾಳೆಯಿಂದ ವಾಲ್ವು ತಿರುಗಿಸು" ಅಂತಾರೆ. ಅಲ್ಲಿಗೆ ನೇಮಕ ಮುಗೀತು. ಸಂಬಳ ವೋಚರಿನಲ್ಲಿ. ಹತ್ತು ವರ್ಷ ಆದಮೇಲೆ ಬಾಯಿಬಿಟ್ಟರೆ "ನಿನಗೆ ಅನುಮೋದನೆಯೇ ಇಲ್ಲವಲ್ಲ" ಅಂತಾರೆ. ಅನುಮೋದನೆಗೆ ಬರೀಬೇಕಾದವರು ಯಾರು? ಬರೆಯದ ತಪ್ಪು ಅವರದು, ಶಿಕ್ಷೆ ನಮಗೆ.

ನಮ್ಮಪ್ಪನ ವಿಷಯದಲ್ಲೂ ಅಷ್ಟೇ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ, ಅವನು ನಮ್ಮ ಕೆಲಸಗಾರನೇ ಅಲ್ಲ ಅಂದರು. ಮೈಸೂರಿನ ವಕೀಲರೊಬ್ಬರು ಆ ಕಾಗದ ನೋಡಿ ನಕ್ಕುಬಿಟ್ಟರು. "ಕೆಲಸದಲ್ಲೇ ಇಲ್ಲದವನ ಹತ್ತಿರ ಕೆಲಸ ಬಿಡ್ತೀನಿ ಅಂತ ಯಾಕಯ್ಯಾ ಬರೆಸಿಕೊಂಡರು?" ಅಪ್ಪನನ್ನು ತೆಗೆಯೋಕೆ ಮಾಡಿದ ಕಾಗದವೇ ಈಗ ಅಪ್ಪ ಕೆಲಸದಲ್ಲಿದ್ದ ಅನ್ನೋದಕ್ಕೆ ನಮ್ಮ ಕೈಲಿರೋ ದೊಡ್ಡ ಸಾಕ್ಷಿ. ಕೇಸು ಇನ್ನೂ ನಡೀತಿದೆ. ಅದಕ್ಕೇ ಹೇಳೋದು, ಯಾವ ಚೀಟಿಯನ್ನೂ ಒಲೆಗೆ ಹಾಕಬೇಡಿ. ಬ್ಯಾಂಕ್ ಪಾಸ್‌ಬುಕ್ಕು, ಗುರುತಿನ ಚೀಟಿ, ಪಂಚಾಯ್ತಿ ಸೀಲಿರೋ ನೀರಿನ ಬಿಲ್ಲಿನ ಕಟ್ಟು, ಕಡೆಗೆ ಗಾಂಧಿ ಜಯಂತಿ ದಿನ ಪೊರಕೆ ಕೊಟ್ಟು ತೆಗೆಸಿದ ಫೋಟೋ ಆದರೂ ಸರಿ, ಇಟ್ಟುಕೊಳ್ಳಿ.

"ಖಾಯಂ ಮಾಡ್ತಾರಾ?" ಅನ್ನೋದು ಎರಡನೇದು. ಇಲ್ಲಿ ಆಸೆ ಹುಟ್ಟಿಸೋರು ಬಹಳ ಜನ, ಚಂದಾ ಎತ್ತೋರೂ ಇದ್ದಾರೆ, ಹುಷಾರು. 2006ರಲ್ಲಿ ಉಮಾದೇವಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ದಿನಗೂಲಿ ಮೇಲೆ ಸೇರಿದ ಮಾತ್ರಕ್ಕೆ ಖಾಯಂ ಹಕ್ಕು ಬರೋದಿಲ್ಲ ಅಂತು. ಆ ಕೇಸು ಹೋದದ್ದು ನಮ್ಮ ಕರ್ನಾಟಕದಿಂದಲೇ. ಅಧಿಕಾರಿಗಳಿಗೆ ಈ ಒಂದು ಸಾಲು ಬಾಯಿಪಾಠ. ಅದೇ ತೀರ್ಪಿನ ಇನ್ನೊಂದು ಮಾತು ಅವರ ನಾಲಿಗೆಗೆ ಬರೋದಿಲ್ಲ: ಮಂಜೂರಾದ ಹುದ್ದೆಯಲ್ಲಿ, ಅರ್ಹತೆ ಇದ್ದು, ಕೋರ್ಟಿನ ತಡೆಯಾಜ್ಞೆಯ ಆಸರೆ ಇಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲದ ಕ್ರಮವಾಗಿ ಖಾಯಂಗೆ ಪರಿಗಣಿಸಬೇಕು ಅಂತಲೂ ಅದರಲ್ಲಿದೆ. 2010ರಲ್ಲಿ ಕೇಸರಿ ಅನ್ನೋರ ಕೇಸು ಬಂತು. ಅದು ಗದಗ ಜಿಲ್ಲಾ ಪಂಚಾಯ್ತಿಯ ದಿನಗೂಲಿಗಳದ್ದು. ಅಲ್ಲಿ ಕೋರ್ಟು, ಅರ್ಹರಾದ ಪ್ರತಿಯೊಬ್ಬರ ವಿಷಯ ನೋಡೋ ತನಕ ಆ 'ಒಂದು ಸಲ' ಮುಗಿದ ಹಾಗಲ್ಲ ಅಂತು. ಇನ್ನು 2024ರ ಡಿಸೆಂಬರಿನಲ್ಲಿ ಜಗ್ಗೋ ಅನ್ನೋ ಹೆಣ್ಣುಮಗಳ ಕೇಸು. ಕೇಂದ್ರ ಜಲ ಆಯೋಗದ ಆಫೀಸಿನಲ್ಲಿ ಕಸ ಗುಡಿಸ್ತಿದ್ದಾಕೆ. ವರ್ಷಗಟ್ಟಲೆ ನಿತ್ಯದ ಕೆಲಸ ಮಾಡಿಸಿಕೊಂಡು, ಆಮೇಲೆ ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳೋದು ಸಲ್ಲದು ಅಂತ ಹೇಳಿ ಆಕೆಯನ್ನೂ ಜೊತೆಯವರನ್ನೂ ಖಾಯಂ ಮಾಡಿಸಿತು. ಪೊರಕೆ ಹಿಡಿದ ಒಬ್ಬಳ ಹೆಸರು ದೇಶದ ಕಾನೂನು ಪುಸ್ತಕದಲ್ಲಿ ಕೂತಿದೆ. ನನಗೆ ಆ ಹೆಸರು ಪದ್ಯಕ್ಕಿಂತ ಇಷ್ಟ.

ಖಾಯಂ ಆಗಲಿ ಬಿಡಲಿ, ಕನಿಷ್ಠ ಕೂಲಿಗೆ ಅದು ಅಡ್ಡ ಬರೋದಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸೋದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ ಅಂತ 1982ರಲ್ಲೇ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕೂಲಿಗಳ ಕೇಸಿನಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ಅಂದರೆ ಬಿಟ್ಟಿ ಚಾಕರಿ. ಪಂಚಾಯ್ತಿಗೆ ಕಂದಾಯ ವಸೂಲಾಗಿಲ್ಲ ಅನ್ನೋದು ಅದಕ್ಕೆ ಉತ್ತರವಲ್ಲ. ನಮ್ಮ ತಾಲ್ಲೂಕಿನಲ್ಲಿ ಕಬಿನಿ ನೀರು ಕಟ್ಟೆ ಕಟ್ಟಿ ನಿಂತಿದೆ, ನೀರು ಬಿಡೋನ ಸಂಬಳವೂ ಹಂಗೇ ನಿಂತಿದೆ.

ಈಗ ಗುಂಡಿಯ ವಿಷಯಕ್ಕೆ ಬರ್ತೀನಿ. ಇದನ್ನ ಬೇಗ ಮುಗಿಸೋಕೆ ನನ್ನಿಂದ ಆಗಲ್ಲ.

ಪಕ್ಕದ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ಮಂತ್ರಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. ದೆಹಲಿಯವರು ಅದಕ್ಕೊಂದು ಕಾಯಿದೆ ಮಾಡೋಕೆ 1993 ಬೇಕಾಯ್ತು. ಅದೂ ಸಾಲದೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆ ಸವಣೂರಿನಲ್ಲಿ ನಮ್ಮ ಭಂಗಿ ಬಂಧುಗಳು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಆಮೇಲೆ ಬಂದದ್ದು 2013ರ ಕಾಯಿದೆ. ಜಾರಿಗೆ ಬಂದದ್ದು ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ದಿನ.

ಇದು ನೌಕರರಿಗಿಂತ ಹೆಚ್ಚಾಗಿ ಪಿ.ಡಿ.ಓ.ಗಳಿಗೆ, ಆರೋಗ್ಯ ನಿರೀಕ್ಷಕರಿಗೆ, ಸದಸ್ಯರಿಗೆ ಹೇಳಬೇಕಾದ್ದು. ಇಲ್ಲಿ ಕೆಲವರು ಕೂತಿದ್ದೀರಿ, ಸಂತೋಷ. ರಕ್ಷಣೆಯ ಸಾಧನ, ಮುನ್ನೆಚ್ಚರಿಕೆ ಇಲ್ಲದೆ ಮನುಷ್ಯನನ್ನ ಮಲದ ಗುಂಡಿಗೆ, ಒಳಚರಂಡಿಗೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಜಾಮೀನಿಲ್ಲದ ಅಪರಾಧ. "ಅವನೇ ಇಳಿದ, ಐನೂರು ಕೊಡಿ ಅಂತ ಅವನೇ ಕೇಳಿದ" ಅನ್ನೋ ಮಾತು ನಡೆಯಲ್ಲ. "ಕಂಟ್ರಾಕ್ಟುದಾರನ ಆಳು" ಅನ್ನೋದೂ ನಡೆಯಲ್ಲ. ಸ್ಥಳೀಯ ಸಂಸ್ಥೆ ನೇರವಾಗಿಯೂ ಮಾಡಿಸಬಾರದು, ಬೇರೆಯವರ ಮೂಲಕವೂ ಮಾಡಿಸಬಾರದು ಅಂತ ಕಾಯಿದೆಯಲ್ಲೇ ಇದೆ. ತುರ್ತು ಇದ್ದರೂ ಬಿಡುವಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸತ್ತವರ ಮನೆಗೆ 10 ಲಕ್ಷ ಅಂದಿತು. 2023ರ ಅಕ್ಟೋಬರಿನಲ್ಲಿ ಅದನ್ನ 30 ಲಕ್ಷ ಮಾಡಿತು.

ಗುಂಡಿ ಮಾತ್ರ ಅಲ್ಲ. ಪಾಯಿಖಾನೆ ಪೈಪನ್ನ ಸೀದಾ ಬೀದಿ ಚರಂಡಿಗೆ ಬಿಟ್ಟಿರೋ ಮನೆಗಳು ನಿಮ್ಮ ಊರಲ್ಲಿ ಎಷ್ಟಿವೆ? ಆ ಚರಂಡಿಯನ್ನ ಬರಿಗೈಲಿ ಬಾಚಿಸೋದೂ ಈ ಕಾಯಿದೆ ಕೆಳಗೆ ಬರುತ್ತೆ. ನಮ್ಮಪ್ಪ ಬಾಚಿದ್ದು ಅದನ್ನೇ. ಯಾರೂ ಅದನ್ನ ಮಲ ಅನ್ನಲಿಲ್ಲ, 'ಹೂಳು' ಅಂದರು. ಅಪ್ಪ ಊಟಕ್ಕೆ ಮುಂಚೆ ಕೈಯನ್ನ ಬೂದಿ ಹಾಕಿ ಉಜ್ಜಿ ಉಜ್ಜಿ ಮೂಸಿ ನೋಡ್ತಿದ್ದ.

ಪರಿಶಿಷ್ಟರನ್ನ ಈ ಕೆಲಸಕ್ಕೆ ಹಚ್ಚಿದರೆ ದೌರ್ಜನ್ಯ ತಡೆ ಕಾಯಿದೆಯೂ ಸೇರಿಕೊಳ್ಳುತ್ತೆ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸತ್ತ ದನ ಹೊರಿಸೋದು, ಗುಂಡಿ ತೋಡಿಸೋದೂ ಇದೆ. ಇನ್ನೊಂದೂ ಇದೆ, ಮೀಸಲಾತಿಯಲ್ಲಿ ಗೆದ್ದು ಬಂದ ನಮ್ಮ ಅಕ್ಕಂದಿರು ಕೇಳಿಸಿಕೊಳ್ಳಿ: ಪರಿಶಿಷ್ಟ ಜಾತಿ, ಪಂಗಡದ ಪಂಚಾಯ್ತಿ ಸದಸ್ಯರು, ಅಧ್ಯಕ್ಷರು ತಮ್ಮ ಕೆಲಸ ಮಾಡದ ಹಾಗೆ ಹೆದರಿಸಿದರೆ, ಅಡ್ಡಿಪಡಿಸಿದರೆ ಅದೂ ಅಪರಾಧ. ಕುರ್ಚಿ ಕೊಡದೆ ಬಾಗಿಲಲ್ಲಿ ನಿಲ್ಲಿಸಿಕೊಂಡು "ಇಲ್ಲೊಂದು ಸೈನ್ ಹಾಕವ್ವ" ಅಂತಾರಲ್ಲ, ಆ ಖಾಲಿ ಚೆಕ್ಕಿಗೆ ಸಹಿ ಹಾಕಿದಿರೋ, ಹಣ ಅವರದು, ಆಡಿಟ್ ಆಕ್ಷೇಪಣೆ ನಿಮ್ಮದು. ಹಾಡಿಯಿಂದ ಗೆದ್ದು ಬಂದ ಜೇನುಕುರುಬರ ಹೆಣ್ಣುಮಗಳೊಬ್ಬಳು "ಓದಿ ಹೇಳೋ ತನಕ ಹಾಕಲ್ಲ" ಅಂತ ಮಧ್ಯಾಹ್ನದ ತನಕ ಕೂತಿದ್ದನ್ನ ನಾನೇ ಕಂಡಿದ್ದೀನಿ. ಕಡೆಗೆ ಓದಿ ಹೇಳಿದರು.

ದೂರು ಕೊಟ್ಟರೆ ಪೊಲೀಸರು ತಗೊಳ್ಳಲ್ಲ ಅಂತೀರಿ, ನಿಜ. ಆದರೆ ಬಾಯಲ್ಲಿ ಹೇಳಿದ್ದನ್ನ ಬರಕೊಂಡು, ಓದಿ ಹೇಳಿ, ಆಮೇಲೆ ಸಹಿ ತಗೊಂಡು, ಪ್ರತಿ ಕೊಡಬೇಕಾದ್ದು ಅದೇ ಕಾಯಿದೆಯ 4ನೇ ಕಲಮಿನಲ್ಲಿ ಅವರ ಕರ್ತವ್ಯ. ಬೇಕಂತಲೇ ಮಾಡದೆ ಇದ್ದರೆ, ಆ ಅಧಿಕಾರಿ ಪರಿಶಿಷ್ಟನಲ್ಲದಿದ್ದರೆ, ಆರು ತಿಂಗಳಿಂದ ಒಂದು ವರ್ಷದ ತನಕ ಅವರಿಗೇ ಜೈಲು.

ಕೆಲಸದಿಂದ ತೆಗೀತೀವಿ ಅಂದರೆ? ಕಾಗದದಲ್ಲಿ ಕೊಡಿ ಅನ್ನಿ. ನೋಟೀಸು ಕೊಡದೆ, ನಿಮ್ಮ ಮಾತು ಕೇಳದೆ ತೆಗೆದರೆ ಅದು ಕೋರ್ಟಿನಲ್ಲಿ ನಿಲ್ಲೋದು ಕಷ್ಟ. ಬಾಯಿಮಾತಿನ ಹುಕುಂ ಆದರೆ, ಅವತ್ತೇ ನೀವೇ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ: "ತಾವು ಇಂಥ ದಿನ ಕೆಲಸಕ್ಕೆ ಬರಬೇಡ ಎಂದಿರಿ, ನಾನು ಬರಲು ಸಿದ್ಧನಿದ್ದೇನೆ." ಅಷ್ಟು ಸಾಕು. ನಮ್ಮಪ್ಪ ಆವತ್ತು ಇಷ್ಟು ಬರೆಸಿದ್ದರೆ, ಅಥವಾ ಬರೆದುಕೊಡೋಕೆ ನಾನು ಊರಲ್ಲಿದ್ದಿದ್ದರೆ. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಪದ್ಯ ಬರೀತಿದ್ದೆ.

ಕಡೇದಾಗಿ, ನಿಮ್ಮ ಹೆಸರು ಅನುಮೋದನೆ ಪಟ್ಟಿಯಲ್ಲಿದೆಯಾ, ನಿಮ್ಮ ಹೆಸರಲ್ಲಿ ಎಷ್ಟು ಸಂಬಳ ಬಿದ್ದಿದೆ, ಎಲ್ಲವನ್ನೂ 2005ರ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ಕಾರ್ಡಿದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಬರೆಯೋಕೆ ಬಾರದವರು ಟೀ ಆದಮೇಲೆ ಹೋಗಬೇಡಿ, ಆ ಕಿಟಕಿ ಹತ್ತಿರ ಕೂತ್ಕೊಳ್ಳಿ. ಬಿಳಿ ಹಾಳೆ ತಂದಿದ್ದೀನಿ. ಮೊದಲು ನಾನು ಬರೀತೀನಿ, ಓದಿ ಹೇಳ್ತೀನಿ, ಆಮೇಲೆ ಒತ್ತಿ.